ನೀಲಗಂಗವ್ವನನ್ನು ಕಾಣಿಸುವ ಪೆಟ್ಟಿಗೆ

ಮಹೇಶ್ವರಿ: ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ. ಮೊದಲ ಕಾಣಸ್ರಿ, ಆಮ್ಯಾಲೆ ಚಾವಿ.

ಶಿವಲಿಂಗಪ್ಪ: ಚಾವಿ ಕೊಟ್ರ ಗಾಡಿ ಚಾಲೂ ಮಾಡಿ, ನಾಕ ಮಾರು ಮುಂದ ಹೋಗಿ ಕಾಣಸ್ತಿದ್ನಿ.

ಮಹೇಶ್ವರಿ: ನೀವು ಮುಂದ ಹೋಗಿ ಕಾಣಸಿದ್ದ ಸಾಕಾಗೇತಿ. ಗಾಡಿ ನಿಂತಲ್ಲೇ ನಿಂತಿರ್ಲಿ, ನೀಲಗಂಗವ್ವನೂ ನಿಂತಲ್ಲೇ ನಿಂತಿರ್ಲಿ. ಇಬ್ಬರಿಗೂ ಚಲೋ.

ಬೆಳಗಿನ ಏಳು ಗಂಟೆ. ಬನವಾಸಿ ಕಡೆಯ ಒಂದು ಊರಿನ ಹೊರಗೆ, ಹಾಲಿನ ಡೈರಿಗೆ ಹೋಗುವ ರಸ್ತೆಯಲ್ಲಿ ಶಿವಲಿಂಗಪ್ಪನ ಹಳೆಯ ಜೀಪು ನಿಂತಿತ್ತು. ಸ್ಟೇರಿಂಗಿನ ಹಿಂದೆ ಶಿವಲಿಂಗಪ್ಪ, ಪಕ್ಕದಲ್ಲಿ ಹೆಂಡತಿ ಮಹೇಶ್ವರಿ, ಚಾವಿ ಮಾತ್ರ ಮಹೇಶ್ವರಿಯ ಸೊಂಟದಲ್ಲಿ. ಡಿಸೆಂಬರಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಜೀಪಿನ ಬಾನೆಟ್ಟು ಎಲ್ಲಿ ಮುಗಿಯುತ್ತದೆ ಎನ್ನುವುದನ್ನು ನೆನಪಿನಿಂದಲೇ ಹೇಳಬೇಕಿತ್ತು.

ಮೂವತ್ತೊಂದು ವರ್ಷ ಅನಾನಸು ಹೇರಿಕೊಂಡು ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ತಿರುಗಿದ ಮನುಷ್ಯ ಶಿವಲಿಂಗಪ್ಪ. ಮೂರು ವಾರದ ಹಿಂದೆ ಇದೇ ರಸ್ತೆಯಲ್ಲಿ, ಡೈರಿಗೆ ಹಾಲು ಒಯ್ಯುತ್ತಿದ್ದ ಪಕ್ಕದ ಮನೆಯ, ಬೇಲಿಯ ಜಗಳ ಇಟ್ಟುಕೊಂಡಿದ್ದ ನೀಲಗಂಗವ್ವನ ಮೇಲೆ ಜೀಪು ಹರಿಯುವುದು ಒಂದು ಗೇಣಿನಲ್ಲಿ ತಪ್ಪಿತ್ತು. ಮುದುಕಿ ಹಾರಿ ಗಟಾರಿಗೆ ಬಿದ್ದಳು. ಹಾಲು ಚೆಲ್ಲಿತು, ಮೈಗೆ ಏನೂ ಆಗಲಿಲ್ಲ, ಬಾಯಿಗಂತೂ ಮೊದಲೇ ಏನೂ ಆಗುವ ಹಾಗಿರಲಿಲ್ಲ. ‘ಮಂಜಿನ್ಯಾಗ ಕಾಣಲಿಲ್ಲ’ ಎಂದ ಶಿವಲಿಂಗಪ್ಪ. ಮಹೇಶ್ವರಿ ಚಾವಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಂದಿನಿಂದ ಹಣ್ಣು ಬೇರೆಯವರ ಗಾಡಿಯಲ್ಲಿ ಹೋಗುತ್ತಿತ್ತು. ಶಿವಲಿಂಗಪ್ಪ ಕಟ್ಟೆಯ ಮೇಲೆ ಕೂತು, ಆ ಗಾಡಿ ಗೇರು ಬದಲಾಯಿಸುವ ಸದ್ದು ಕೇಳಿಯೇ ಡ್ರೈವರನಿಗೆ ಬೈಯುತ್ತಿದ್ದ. ಬೈದು ಮುಗಿದ ಮೇಲೆ ಮಾಡಲು ಇನ್ನೇನೂ ಕೆಲಸ ಇರುತ್ತಿರಲಿಲ್ಲ. ಜೀಪು ಹೋದರೆ ತಾನು ಊಟಕ್ಕೆ ಕರೆದಾಗ ಏಳುವ ಮುದುಕ ಅಷ್ಟೇ ಆಗಿಬಿಡುತ್ತೇನೆ ಎಂದು ಅವನಿಗೆ ನಿಜವಾಗಿಯೂ ಹೆದರಿಕೆ ಹತ್ತಿತ್ತು.

ಆ ಹೆದರಿಕೆಯಲ್ಲಿ ಸಿಕ್ಕಿದ್ದೇ ಕಾವು ಕಾಣುವ ಕ್ಯಾಮೆರಾದ ಪೆಟ್ಟಿಗೆ. ಶಿರಸಿಯಲ್ಲಿ ಗಾಡಿಗಳ ವೈರಿಂಗ್ ಮಾಡುವ ಸುನೀಲ ಅದನ್ನು ತರಿಸಿಕೊಟ್ಟಿದ್ದ. ಇದಕ್ಕೆ ಬೆಳಕು ಬೇಡ, ಮೈಯ ಕಾವು ಸಾಕು. ಕತ್ತಲೆಯಿರಲಿ, ಮಂಜಿರಲಿ, ಎದುರಿಗೆ ದನವೋ ಹಂದಿಯೋ ಮನುಷ್ಯನೋ ಇದ್ದರೆ ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತದೆ ಎಂದಿದ್ದ. ಮೊದಲು ಮಿಲಿಟರಿಯವರ ಹತ್ತಿರ, ಆಮೇಲೆ ದುಬಾರಿ ಕಾರುಗಳಲ್ಲಿ ಮಾತ್ರ ಇದ್ದದ್ದು ಈಗ ಅಗ್ಗಕ್ಕೆ ಇಳಿದಿದೆ. ಅಗ್ಗದ್ದಾದ್ದರಿಂದ ಚಿತ್ರ ಸ್ವಲ್ಪ ಒರಟು. ಕಣ್ಣು ಮೂಗು ಕಾಣುವುದಿಲ್ಲ, ರಂಗೋಲಿಯ ಚುಕ್ಕಿಗಳನ್ನು ಒತ್ತೊತ್ತಾಗಿ ಇಟ್ಟ ಹಾಗೆ ಒಂದು ಬಿಳಿ ಗುಡ್ಡೆ ಕಾಣುತ್ತದೆ. ಗುಡ್ಡೆ ಕಂಡರೆ ಬ್ರೇಕು ಒತ್ತಬೇಕು, ಅದರ ಹೆಸರು ವಿಚಾರಿಸಬೇಕಾಗಿಲ್ಲ ಎಂದು ಸುನೀಲ ತಿಳಿಸಿ ಹೇಳಿದ್ದ.

ಗಂಡ ಹೆಂಡಿರ ನಡುವೆ ಪಂದ್ಯ ಹೀಗಾಗಿತ್ತು. ಮಂಜು ಬಿದ್ದ ದಿನ ನೀಲಗಂಗವ್ವ ಐವತ್ತು ಹೆಜ್ಜೆ ದೂರದಲ್ಲಿ ರಸ್ತೆಯ ನಡುವೆ ನಿಲ್ಲಬೇಕು. ಬರಿಗಣ್ಣಿಗೆ ಕಾಣದ ಆಕೆ ಪರದೆಯಲ್ಲಿ ಕಂಡರೆ ಚಾವಿ ಶಿವಲಿಂಗಪ್ಪನಿಗೆ. ಕಾಣದಿದ್ದರೆ ಜೀಪು ಮಾರಾಟಕ್ಕೆ. ನೀಲಗಂಗವ್ವ ಒಪ್ಪಿದ್ದಳು, ಆದರೆ ತಾನು ನಿಂತಿರುವಷ್ಟು ಹೊತ್ತು ಚಾವಿ ಮಹೇಶ್ವರಿಯ ಸೊಂಟ ಬಿಟ್ಟು ಅಲ್ಲಾಡಬಾರದು ಎಂದು ಆಣೆ ಹಾಕಿಸಿಕೊಂಡು. ಹಾಗಾಗಿ ಕ್ಯಾಮೆರಾಕ್ಕೆ ನೇರ ಬ್ಯಾಟರಿಯಿಂದಲೇ ವೈರು ಎಳೆಯಲಾಗಿತ್ತು.

ಶಿವಲಿಂಗಪ್ಪ ಓದುವ ಕನ್ನಡಕ ಏರಿಸಿ, ಅಂಗೈಯಷ್ಟು ಅಗಲದ ಪರದೆಗೆ ಮೂಗು ತಾಗಿಸಿ ಗುಂಡಿ ಒತ್ತಿದ. ಪರದೆ ಬೂದು ಬಣ್ಣಕ್ಕೆ ತಿರುಗಿತು. ಆಮೇಲೆ ಅದರಲ್ಲಿ ಬೆಳ್ಳಗೆ ಏನೋ ಮೂಡಿತು.

ಶಿವಲಿಂಗಪ್ಪ: ಹಾಂ, ಬಂದ್ಳು. ನೋಡು, ಬಲಕ್ಕ ನಿಂತಾಳ.

ಮಹೇಶ್ವರಿ: ನೀಲಗಂಗವ್ವ ಅಷ್ಟ ದಪ್ಪ ಎಲ್ಲದಾಳ್ರಿ?

ಶಿವಲಿಂಗಪ್ಪ: ಚಳಿಗೆ ಕಂಬಳಿ ಹೊದ್ದಾಳ.

ಮಹೇಶ್ವರಿ: ಐವತ್ತ ಹೆಜ್ಜಿ ದೂರ ನಿಂತಾಕಿ ಅರ್ಧ ಪರದೆ ತುಂಬ್ಯಾಳಲ್ಲ.

ಶಿವಲಿಂಗಪ್ಪ: ಅದು ಹತ್ರ ಎಳದು ತೋರಸ್ತೈತಿ. ಮಿಲಿಟರಿ ಸಾಮಾನು, ನಿನಗ ಗೊತ್ತಾಗಂಗಿಲ್ಲ.

ಮಹೇಶ್ವರಿ: ಆತು, ಎಡಕ್ಕ ಇರಾಕಿ ಯಾರು?

ಎಡಗಡೆ ಇನ್ನೊಂದು ಗುಡ್ಡೆ ಇದ್ದದ್ದನ್ನು ಶಿವಲಿಂಗಪ್ಪ ಅಲ್ಲಿಯವರೆಗೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೆ ಒಬ್ಬಳ ಜಾಗದಲ್ಲಿ ಇಬ್ಬರು ಕಂಡರೆ ಕ್ಯಾಮೆರಾದ ಹೆಚ್ಚುಗಾರಿಕೆಯೇ ಆಯಿತಲ್ಲ ಎಂದು ಅವನಿಗೆ ಇನ್ನಷ್ಟು ಹುರುಪು ಬಂತು.

ಶಿವಲಿಂಗಪ್ಪ: ಯಾವಾಕಿನೋ ಡೈರಿಗೆ ಹೊಂಟಾಕಿ ಇರಬೇಕು. ಮಾತಿಗೆ ನಿಂತಾಳ.

ಮಹೇಶ್ವರಿ: ಕುಂತಂಗ ಕಾಣ್ತಾಳಲ್ರಿ.

ಶಿವಲಿಂಗಪ್ಪ: ನಿಂತಾಳ. ಗಿಡ್ಡ ಅದಾಳ, ಅದಕ್ಕ ಹಂಗ ಕಾಣ್ತೈತಿ. ಏನ ಮೈಯವ್ವ, ಭತ್ತದ ಚೀಲ ಇಟ್ಟಂಗ. ಮತ್ತ ಆ ತಲಿ ನೋಡು, ಒಂದ ಸವನೆ ಅಳ್ಳಾಡಾಕತ್ತೈತಿ. ಬಾಯಿಗೆ ಬಿಡುವ ಇಲ್ಲ. ನೀಲಗಂಗವ್ವ ಪಾಪ ಬಗ್ಗಿ ಬಗ್ಗಿ ಕೇಳಾಕತ್ತಾಳ.

ಮಹೇಶ್ವರಿ: ಯಾರ ಮನಿಯಾಕಿನೋ ಏನೋ.

ಶಿವಲಿಂಗಪ್ಪ: ಯಾರ ಮನಿಯಾಕಿನ ಆಗಿರ್ಲಿ, ಆ ಮನಿ ಗಂಡಸಿನ ಪಾಡು ನೆನಸ್ಕೋ.

ಮಹೇಶ್ವರಿ ಅಪರೂಪಕ್ಕೆ ಗಂಡನ ಮಾತಿಗೆ ಹೌದು ಎಂದಳು. ಅಂಥ ಹೆಂಗಸರಿಂದಲೇ ಡೈರಿಗೆ ಹಾಲು ತಡವಾಗಿ ಮುಟ್ಟುವುದು ಎಂದು ತನ್ನ ಕಡೆಯಿಂದಲೂ ಒಂದು ಸೇರಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಪರದೆಯ ಎಡಗಡೆಯ ಹೆಂಗಸು ಕೂಡ ಮುಖ ಒರೆಸಿಕೊಂಡಳು. ಮಹೇಶ್ವರಿಯ ಕೈ ಅಲ್ಲೇ ನಿಂತಿತು. ಆ ಹೆಂಗಸಿನ ಕೈಯೂ ನಿಂತಿತು.

ಮಹೇಶ್ವರಿ: ರೀ, ಸ್ವಲ್ಪ ಕೈ ಮ್ಯಾಲೆ ಎತ್ರಿ.

ಶಿವಲಿಂಗಪ್ಪ: ಯಾಕ?

ಮಹೇಶ್ವರಿ: ಎತ್ರಿ ಅಂದೆ.

ಅವನು ಕೈ ಎತ್ತಿದ. ಬಲಗಡೆಯ ಗುಡ್ಡೆಯಿಂದಲೂ ಒಂದು ಕೈ ಎದ್ದಿತು.

ಶಿವಲಿಂಗಪ್ಪ: ನೋಡಿದೇನು? ಆಕಿಗೂ ನಾವು ಕಾಣಾಕತ್ತೀವಿ. ಕೈ ಮಾಡಾಕತ್ತಾಳ.

ಮಹೇಶ್ವರಿ: ಈಗ ಕಿವಿ ತುರಿಸ್ಕೋರಿ.

ಅವನು ಕಿವಿ ತುರಿಸಿಕೊಂಡ. ನೀಲಗಂಗವ್ವನೂ ತುರಿಸಿಕೊಂಡಳು. ಅವನು ಇನ್ನೊಂದು ಕಿವಿ ತುರಿಸಿ ನೋಡಿದ, ಅದಕ್ಕೂ ಆಕೆಯ ಹತ್ತಿರ ಉತ್ತರವಿತ್ತು. ಶಿವಲಿಂಗಪ್ಪ ಕೈ ನಿಧಾನವಾಗಿ ಕೆಳಗಿಳಿಸಿ ತೊಡೆಯ ಮೇಲಿಟ್ಟುಕೊಂಡ.

ಮಹೇಶ್ವರಿ: ಭತ್ತದ ಚೀಲ ಅಂದ್ರಿ.

ಶಿವಲಿಂಗಪ್ಪ: ಕ್ಯಾಮೆರಾ ಅಗ್ಗದ್ದು. ಅದು ಎಲ್ಲಾರ್ನೂ ಹಂಗ ತೋರಸ್ತೈತಿ.

ಮಹೇಶ್ವರಿ: ಬಾಯಿಗೆ ಬಿಡುವಿಲ್ಲ ಅಂದ್ರಿ.

ಶಿವಲಿಂಗಪ್ಪ: ಅದು ವೈರಿಂಗಿನ ದೋಷ.

ಮಹೇಶ್ವರಿ: ಆ ಮನಿ ಗಂಡಸಿನ ಪಾಡು ನೆನಸ್ಕೋ ಅಂದ್ರಿ. ನೆನಸ್ಕೊಂಡೀನಿ. ಇನ್ನ ಮುಂದಿನದ್ದೂ ನೆನಸಾಕತ್ತೀನಿ.

ಅವನ ಪುಣ್ಯಕ್ಕೆ ಅಷ್ಟರಲ್ಲಿ ಯಾರೋ ಬಾನೆಟ್ಟಿಗೆ ದಬದಬ ಬಡಿದರು. ಮಂಜಿನೊಳಗಿಂದ ನೀಲಗಂಗವ್ವ ಖುದ್ದಾಗಿ ಬಂದು ಗಾಜಿನ ಮುಂದೆ ನಿಂತಿದ್ದಳು. ಪರದೆಯಲ್ಲಿ ಮಾತ್ರ ಆಕೆಯ ಒಂದು ಚುಕ್ಕಿಯೂ ಇರಲಿಲ್ಲ.

ನೀಲಗಂಗವ್ವ: ನಾ ಅಲ್ಲಿ ಬೆಂಡಾಗಿ ನಿಂತೀನಿ, ನೀವಿಲ್ಲಿ ಗಂಡ ಹೆಂಡ್ತಿ ಕೈ ಎತ್ತೋದು, ಕಿವಿ ತುರಿಸೋದು ನಡಸೀರೇನು? ಕಂಡ್ನೋ ಇಲ್ಲೋ ಹೇಳ್ರಿ, ಎಮ್ಮಿ ಹಿಂಡಬೇಕು ನಾನು.

ಕಾಣಲಿಲ್ಲ ಎಂದು ಹೇಳಬೇಕಾದದ್ದು ಶಿವಲಿಂಗಪ್ಪ, ಹೇಳಿದ್ದು ಮಹೇಶ್ವರಿ. ತಪ್ಪು ಯಾರದು ಎಂಬ ಚರ್ಚೆ ಆಮೇಲೆ ಶುರುವಾಯಿತು. ಹೊಸ ಸಾಮಾನು ಬಂತೆಂದು ಪೂಜೆ ಮಾಡಿ ಅದರ ಕಣ್ಣಿಗೇ ವಿಭೂತಿ ಬಳಿದದ್ದರಿಂದ ಹೀಗಾಯಿತು ಎಂದಳು ಮಹೇಶ್ವರಿ. ವಿಭೂತಿ ಹಚ್ಚಿದ್ದು ಪೆಟ್ಟಿಗೆಯ ನೆತ್ತಿಗೆ, ಕಣ್ಣಿಗಲ್ಲ ಎಂದ ಅವನು. ಆದರೂ ಪಂಚೆಯ ತುದಿಯಿಂದ ಪೆಟ್ಟಿಗೆಯ ಕಣ್ಣನ್ನು ಒರೆಸಿ ನೋಡಿದ. ಒರೆಸಿದ ಮೇಲೆ ಗಂಡ ಹೆಂಡತಿ ಇಬ್ಬರೂ ಇನ್ನಷ್ಟು ನಿಚ್ಚಳವಾಗಿ ಕಂಡರು.

ಕೊನೆಗೆ ಸುನೀಲನಿಗೆ ಫೋನು ಹೋಯಿತು. ಅವನು ಮೊದಲು ನಕ್ಕು ಮುಗಿಸಿದ, ಆಮೇಲೆ ಮಾತಾಡಿದ.

ಸುನೀಲ: ಎಂತ ಕಾಕಾ, ಗಾಜಿನ ಒಳಗೆ ಇಟ್ರಿ ನೀವು? ನಾನು ಬಂಪರಿಗೆ ಕೂರಿಸಿ ಕೊಟ್ಟಿದ್ನಲ್ಲ. ಗಾಜಿನಿಂದ ಕಾವು ದಾಟೂದಿಲ್ಲ ಮಾರಾಯ್ರೆ. ಕನ್ನಡಿ ಇದ್ದಾಂಗೆ, ಒಳಗೆ ಕೂತವ್ರನ್ನೇ ತೋರಿಸ್ತದೆ.

ಶಿವಲಿಂಗಪ್ಪ: ಹೊರಗಿಟ್ರ ಮಂಗ್ಯಾ ಬಿಡ್ತಾವೇನು? ಅನಾನಸಿನ ವಾಸನಿ ಹಿಡಿದ ಗಾಡಿ ಇದು. ಹೋದ ವರ್ಷ ಹಾರ್ನ ಕಿತ್ಕೊಂಡು ಹೋಗ್ಯಾವು. ಅದಕ್ಕ ನಾನ ಸ್ಕ್ರೂ ಬಿಚ್ಚಿ ಒಳಗ ತಂದೀನಿ.

ಸುನೀಲ: ಮಂಗನಿಗೆ ಹೆದರಿ ನಿಮ್ಮ ಮುಖ ನೀವೇ ನೋಡ್ತಾ ಕೂತ್ರಿ. ತಡೀರಿ, ಬರ್ತೇನೆ ನಾನು. ಅದೇ ದಿಕ್ಕಿಗೆ ಕೆಲ್ಸ ಉಂಟು.

ಪಂದ್ಯ ಸೋತದ್ದಾಯಿತು ಎಂದಳು ಮಹೇಶ್ವರಿ. ತಪ್ಪು ಜಾಗದಲ್ಲಿ ಇಟ್ಟ ಪೆಟ್ಟಿಗೆಯ ಸೋಲು ಸೋಲಲ್ಲ ಎಂದು ಅವನು ವಾದಿಸಿದ. ವಾದದ ನಡುವೆ ಒಮ್ಮೆ ಅವನ ದನಿ ಬೇಡಿಕೊಂಡ ಹಾಗಾಯಿತು, ಅದನ್ನು ಕೇಳಿ ಮಹೇಶ್ವರಿ ಮುಖ ತಿರುಗಿಸಿ, ಆಗಲಿ, ಇನ್ನೊಮ್ಮೆ ನೋಡೋಣ ಎಂದಳು. ನೀಲಗಂಗವ್ವ ಮನೆಗೆ ಹೋಗಿ ಎಮ್ಮೆ ಹಿಂಡಿ, ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಮರಳಿ ಬಂದಳು. ಬರುವಾಗ ಕಂಬಳಿ ಮಡಚಿ ಬಗಲಲ್ಲಿ ಇಟ್ಟುಕೊಂಡಿದ್ದಳು. ಎಂಟೂವರೆಯ ಹೊತ್ತಿಗೆ ಸುನೀಲ ಬೈಕಿನ ಮೇಲೆ ಬಂದ, ಕಪ್ಪು ಕನ್ನಡಕ ಹಾಕಿಕೊಂಡು. ಇಷ್ಟು ಬೆಳಿಗ್ಗೆ ಇವನಿಗೆಂಥ ಶೋಕಿ ಎಂದುಕೊಂಡ ಶಿವಲಿಂಗಪ್ಪ.

ಪೆಟ್ಟಿಗೆ ಮತ್ತೆ ಬಂಪರಿಗೆ ಹೋಯಿತು. ನೀಲಗಂಗವ್ವ ಬೈಯುತ್ತಲೇ ಐವತ್ತು ಹೆಜ್ಜೆ ಎಣಿಸಿ, ಕ್ಯಾನು, ಕಂಬಳಿ ಕೆಳಗಿಟ್ಟು ನಿಂತಳು. ಶಿವಲಿಂಗಪ್ಪ ಪರದೆಗೆ ಮೂಗು ತಾಗಿಸಿ ಕೂತ. ಈ ಸಲ ನಡುವೆ ಸಣ್ಣಗೆ, ತೆಳ್ಳಗೆ, ಬೆಳ್ಳಗೆ ಒಂದು ಆಕಾರ ಎದ್ದಿತು. ಎರಡೂ ಕೈ ಸೊಂಟದ ಮೇಲಿದ್ದವು. ಅದರ ಕಾಲ ಬಳಿ ಒಂದು ನಾಯಿ, ಆಚೆ ರಸ್ತೆಯ ಅಂಚಿನಲ್ಲಿ ಮಲಗಿದ ಎರಡು ದನ.

ಶಿವಲಿಂಗಪ್ಪ: ಹತ್ತ ಹನ್ನೆರಡ ಚುಕ್ಕಿ ಅದಾಳ, ಆದ್ರೂ ನೋಡು, ಸೊಂಟದ ಮ್ಯಾಲೆ ಕೈ ಇಟ್ಟ ಗತ್ತು ಹೆಂಗೈತಿ. ಆಕಿನ. ಬ್ಯಾರೆ ಯಾರೂ ಅಲ್ಲ.

ಮಹೇಶ್ವರಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಇದು ಆವತ್ತೇ ಇದ್ದಿದ್ದರೆ ಹಾಲು ಚೆಲ್ಲುತ್ತಿರಲಿಲ್ಲ ಎಂದು ತಾನಾಗಿಯೇ ಒಪ್ಪಿಕೊಂಡಳು. ಶಿವಲಿಂಗಪ್ಪನಿಗೆ ಮೂರು ವಾರದ ಬಿಗಿ ಒಮ್ಮೆಲೇ ಬಿಟ್ಟ ಹಾಗಾಯಿತು. ಅವನು ಅಂಗೈ ಚಾಚಿದ.

ಶಿವಲಿಂಗಪ್ಪ: ತಾ ಚಾವಿ.

ಮಹೇಶ್ವರಿ: ಕಾಣ್ತಾಳ, ಸುಳ್ಳ ಯಾಕ ಹೇಳ್ಲಿ. ಆದ್ರ ಮಂಜ ಬಿದ್ದ ದಿನ ಇನ್ನೊಮ್ಮೆ ನೋಡೂಣು. ಚಲೋ ಕಂಡ್ರ ಅವತ್ತ ಕೊಡ್ತೀನಿ.

ಶಿವಲಿಂಗಪ್ಪ: ಇನ್ನೊಮ್ಮೆ ಯಾಕ? ಇವತ್ತ ಬಿದ್ದದ್ದು ಮಂಜಲ್ಲೇನು?

ಮಹೇಶ್ವರಿ: ಬಿದ್ದಿತ್ತು.

ಶಿವಲಿಂಗಪ್ಪ: ಬಿದ್ದಿತ್ತು ಅಂದ್ರೇನು, ಇನ್ನೂ ಬಿದ್ದಕೊಂಡೈತಿ. ಹೊರಗ ನೋಡಿ ಹೇಳು, ಬರಿಗಣ್ಣಿಗೆ ನೀಲಗಂಗವ್ವ ಕಾಣ್ತಾಳೇನು? ಪೆಟ್ಟಿಗ್ಯಾಗ ಕಾಣ್ತಾಳ. ಇದ ಅಲ್ಲೇನು ನಮ್ಮ ಪಂದ್ಯ?

ಸುನೀಲ ಕಪ್ಪು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮಹೇಶ್ವರಿ ಗಂಡನ ಮುಖ ನೋಡಿದಳು, ರಸ್ತೆ ನೋಡಿದಳು, ಮತ್ತೆ ಮುಖ ನೋಡಿದಳು. ಅವಳ ದನಿ ಒಮ್ಮೆಲೇ ಇಳಿಯಿತು.

ಮಹೇಶ್ವರಿ: ರೀ, ಮಂಜ ಹೋಗಿ ಮುಕ್ಕಾಲು ತಾಸಾತು. ಚುರುಚುರು ಬಿಸಿಲು ಬಿದ್ದೈತಿ. ನೀಲಗಂಗವ್ವನ ಸೀರಿ ಅಂಚು ಸೈತ ಕಾಣಾಕತ್ತೈತಿ.

ಶಿವಲಿಂಗಪ್ಪ ಕನ್ನಡಕ ತೆಗೆದು ಹೊರಗೆ ನೋಡಿದ. ಬೆಳಿಗ್ಗೆ ಏಳು ಗಂಟೆಗೆ ಹೇಗಿತ್ತೋ ಹಾಗೇ ಇತ್ತು, ಬೆಳ್ಳಗೆ. ಬೆಳಕು ಜಾಸ್ತಿಯಾಗಿ ಬಿಳುಪು ಇನ್ನಷ್ಟು ಹರಡಿತ್ತು ಅಷ್ಟೇ. ಹೆಂಡತಿ ಭತ್ತದ ಚೀಲದ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ಅವನಿಗೆ ಅನಿಸಿತು. ಗಂಡಸಾದವನು ಗಂಡಸಿನ ಕಡೆ ನಿಂತಾನು ಎಂದು ಸುನೀಲನ ಕಡೆ ತಿರುಗಿದ.

ಶಿವಲಿಂಗಪ್ಪ: ಸುನೀಲಾ, ನೀ ಹೇಳಪ. ಮಂಜೈತೋ ಇಲ್ಲೋ?

ಸುನೀಲ: ಬಿಸಿಲು ಕಾಕಾ. ಕಣ್ಣು ಬಿಡ್ಲಿಕ್ಕೆ ಆಗೂದಿಲ್ಲ, ಹಂಗೆ ಉಂಟು.

ಶಿವಲಿಂಗಪ್ಪನ ಚಾಚಿದ ಕೈ ಇನ್ನೂ ಚಾಚಿಯೇ ಇತ್ತು. ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಮಹೇಶ್ವರಿ: ಯಾವಾಗಿಂದ ಬೀಳಾಕತ್ತೈತಿ ನಿಮಗ ಈ ಮಂಜು?

ಸುಳ್ಳು ಹೇಳಬೇಕೆಂದು ಅವನು ಬಾಯಿ ತೆರೆದ. ಮೂವತ್ತೊಂದು ವರ್ಷದಲ್ಲಿ ಪೊಲೀಸರಿಗೆ, ದಲ್ಲಾಳಿಗಳಿಗೆ, ಬೀಗರಿಗೆ ಲೀಲಾಜಾಲವಾಗಿ ಸುಳ್ಳು ಹೇಳಿದ ಬಾಯಿ ಅದು. ಆದರೆ ಎದುರಿಗಿದ್ದವಳ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅದಕ್ಕೆ ಹೇಳುವ ಸುಳ್ಳು ಅವನ ಹತ್ತಿರ ಇರಲಿಲ್ಲ.

ಶಿವಲಿಂಗಪ್ಪ: ಹೋದ ಬ್ಯಾಸಿಗಿಯಿಂದ.

ಮಹೇಶ್ವರಿ: ಬ್ಯಾಸಿಗಿಯಾಗ ಮಂಜು?

ಶಿವಲಿಂಗಪ್ಪ: ಹವಾ ಕೆಟ್ಟೈತಿ, ಕಾಲಮಾನ ಬದಲಾಗೇತಿ ಅಂತ ದಿನಾ ಟೀವ್ಯಾಗ ಹೇಳ್ತಾರ. ಇದ ಇರಬೇಕು ಅಂತ ತಿಳದಿದ್ನಿ.

ಸುನೀಲ ನಗು ತಡೆಯಲಾರದೆ ಜೀಪಿನ ಹಿಂದೆ ಹೋದ. ಮಹೇಶ್ವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. ಬೇಸಿಗೆಯಿಂದ ಈಚೆ ಇವನ ಪಕ್ಕದಲ್ಲಿ ಕೂತು ಯಲ್ಲಾಪುರದ ಮದುವೆಗೆ ಹೋಗಿ ಬಂದಿದ್ದೇನೆ, ದಾರಿಯುದ್ದಕ್ಕೂ ನಿದ್ದೆ ಮಾಡಿದ್ದೇನೆ ಎಂದು ಹಣೆ ಬಡಿದುಕೊಂಡಳು. ನಿದ್ದೆ ಮಾಡಿದ್ದೇ ಒಳ್ಳೆಯದಾಯಿತು, ದಾರಿ ಇಬ್ಬರಿಗೂ ಕಾಣಲಿಲ್ಲ ಎಂದ ಶಿವಲಿಂಗಪ್ಪ. ಹೇಳಿದ ಮೇಲೆ, ಇದು ಹೇಳುವ ಹೊತ್ತಲ್ಲ ಎಂದು ಅವನಿಗೇ ಗೊತ್ತಾಯಿತು.

ಅಷ್ಟರಲ್ಲಿ ನೀಲಗಂಗವ್ವ ಬಂದು ವಿಷಯ ಕೇಳಿ, ಕ್ಯಾನು ಕೆಳಗಿಟ್ಟಳು.

ನೀಲಗಂಗವ್ವ: ಕಣ್ಣಾಗ ಪೊರೆ ಬಂದೈತಿ ಅನ್ನು. ನಾ ಅವತ್ತ ಗಟಾರದಾಗ ಬಿದ್ದಾಗೂ ಹಿಂಗ ಬಿಸಿಲು ಬಿದ್ದಿತ್ತವ್ವ. ಇಷ್ಟ ಬೆಳಕಿನ್ಯಾಗ ಕಾಣಲಿಲ್ಲ ಅಂತಾನಂದ್ರ ಬೇಲಿ ಜಗಳದ ಸಿಟ್ಟಿಗೆ ಬೇಕಂತ ಮೈಮ್ಯಾಲೆ ತಂದಾನ ಅಂತ ತಿಳಕೊಂಡಿದ್ನಿ. ಮೂರ ವಾರದಿಂದ ಹೆದರಿ ಬೇಲಿದ ಒಂದ ಗೂಟ ಮುಟ್ಟಿಲ್ಲ ನೋಡು.

ಶಿವಲಿಂಗಪ್ಪ: ಅಂದ್ರ ಮೊದಲ ಗೂಟ ಸರಸ್ತಿದ್ದಾಕಿ ನೀನ?

ನೀಲಗಂಗವ್ವ: ಈಗ ನಡದದ್ದು ಕಣ್ಣಿನ ಮಾತು.

ಮಹೇಶ್ವರಿ ಸೊಂಟದಿಂದ ಚಾವಿ ತೆಗೆದಳು. ಶಿವಲಿಂಗಪ್ಪನ ಕೈ ತಾನಾಗಿ ಮುಂದೆ ಬಂತು. ಚಾವಿ ಅವನ ಕೈ ದಾಟಿ ಸುನೀಲನ ಕೈಗೆ ಹೋಯಿತು. ಕಣ್ಣಿನ ದವಾಖಾನೆಗೆ ಗಾಡಿ ಹೊಡೆ, ನಿನ್ನ ಕೆಲಸ ಮಧ್ಯಾಹ್ನ ನೋಡಿಕೊಂಡರಾಯಿತು ಎಂದಳು.

ಶಿವಲಿಂಗಪ್ಪ: ನನ್ನ ಗಾಡಿ ಇನ್ನೊಬ್ಬಂವ ಹೊಡೀಬೇಕೇನು?

ಮಹೇಶ್ವರಿ: ಪೊರೆ ತಗಸೂಮಟ ಹೊಡೀಲಿ. ಗಾಡಿ ಮಾರಂಗಿಲ್ಲ. ಡಾಕ್ಟರು ಚಲೋ ಕಾಣ್ತೈತಿ ಅಂದ ದಿನ ಚಾವಿ ನಾನ ನಿಮ್ಮ ಕೈಯಾಗ ಇಡ್ತೀನಿ. ಆ ಪೆಟ್ಟಿಗಿನೂ ಇರ್ಲಿ, ಖರೇ ಮಂಜ ಬಿದ್ದಾಗ ಬೇಕಾಗ್ತೈತಿ. ನೀವಿಲ್ಲದ ನನಗ ಯಾವ ಗಾಡಿ ಕಟ್ಟಿಕೊಂಡು ಏನಾಗಬೇಕೈತಿ, ಇಳೀರಿ.

ಅವನು ಇಳಿದ. ತನ್ನದೇ ಜೀಪಿನ ಎಡಗಡೆಗೆ ಹೋಗಲು ಬಾನೆಟ್ಟು ತಡವಿಕೊಂಡು ಸುತ್ತು ಬಂದ. ನಾಚಿಕೆಯಾಗಿತ್ತು ನಿಜ, ಆದರೆ ಬೇಸಿಗೆಯಿಂದ ಒಬ್ಬನೇ ಹೊತ್ತ ಭಾರ ಇಳಿದು ಹಗುರವೂ ಆಗಿತ್ತು. ಪ್ರತಿ ತಿರುವಿನಲ್ಲೂ ಅಂದಾಜಿನ ಮೇಲೆ ಗಾಡಿ ಹೊರಳಿಸುತ್ತಿದ್ದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಸುನೀಲ ಸೀಟು ಸರಿಸಿಕೊಂಡು ಕೂತ. ಗೇರು ಮೆಲ್ಲಗೆ ಹಾಕು, ಕ್ಲಚ್ಚು ಪೂರ್ತಿ ಒತ್ತು ಎಂದು ಪಕ್ಕದಿಂದ ಆಗಲೇ ಶುರುವಾಯಿತು. ಮಹೇಶ್ವರಿ ಹಿಂದೆ ಕೂತಳು. ಅವಳ ಬೆನ್ನಿಗೇ ನೀಲಗಂಗವ್ವ ಕ್ಯಾನು ಸಮೇತ ಹತ್ತಿದಳು.

ಶಿವಲಿಂಗಪ್ಪ: ನೀ ಎಲ್ಲಿಗೆ?

ನೀಲಗಂಗವ್ವ: ಸಾಕ್ಷಿ ಹೇಳಾಕ. ನಿನ್ನೊಬ್ಬನ್ನ ಬಿಟ್ರ ಡಾಕ್ಟರಿಗೂ ಹವಾ ಕೆಟ್ಟೈತಿ ಅಂತ ನಂಬಿಸಿ, ಅವರ ಕಣ್ಣಿಗೆ ಔಷಧ ಹಾಕಿಸಿ ಬಂದಬಿಟ್ಟಿ.